ನಿಂತದ್ದು ಹಳೆಯದಿರಲಿ, ಓಡುವುದು ಹೊಸದಿರಲಿ

ನನ್ನಲ್ಲಿ ಹೈಸ್ಕೂಲಿನ ವಿಜ್ಞಾನ ಕಲಿತು, ಈಗ ಬೆಂಗಳೂರಿನಲ್ಲಿ ಸಣ್ಣದೊಂದು ಗ್ಯಾರೇಜು ನಡೆಸುತ್ತಿರುವ ಹಳೆಯ ಶಿಷ್ಯನೊಬ್ಬ ಈಚೆಗೆ ನನ್ನನ್ನೊಂದು ಪ್ರಶ್ನೆ ಕೇಳಿದ. ಅವನ ಕೈಕೆಳಗೆ ಕೆಲಸ ಕಲಿಯುವ ಹುಡುಗನಿಗೆ ರೇಸಿನ ಹುಚ್ಚು. ಹಳೆಯ ಯಮಾಹಾ ಆರ್‌ಎಕ್ಸ್ 100 ಒಂದನ್ನು ಓಟಕ್ಕೆ ಅಣಿಗೊಳಿಸುತ್ತಿದ್ದಾನೆ. ಹಣವಿಲ್ಲ, ಆದ್ದರಿಂದ ಗುಜರಿಯಲ್ಲಿ ಸಿಕ್ಕ ಭಾಗಗಳನ್ನೇ ಕೂಡಿಸಿ ಎಂಜಿನ್ ಕಟ್ಟುವ ಯೋಚನೆ. "ಮೇಷ್ಟ್ರೇ, ಹಳೆಯ ಕಾಲದ ಮಾಲು ಗಟ್ಟಿ ಅಂತಾರಲ್ಲ, ರೇಸಿಗೂ ಹಾಕಬಹುದಾ?" ಎಂಬುದು ಪ್ರಶ್ನೆ. ನಾನು ಮೆಕ್ಯಾನಿಕ್ ಅಲ್ಲ. ಆದರೆ ಈ ಪ್ರಶ್ನೆಯ ಬೇರು ನಾನು ಮೂವತ್ತು ವರ್ಷ ಕಲಿಸಿದ ಪಾಠದಲ್ಲೇ ಇರುವುದರಿಂದ, ನನ್ನ ಅಭಿಪ್ರಾಯವನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತಿದ್ದೇನೆ.

ಈ ವಿಷಯದಲ್ಲಿ ಜನರಲ್ಲಿ ಎರಡು ಪಂಗಡಗಳಿವೆ. ಹಳೆಯ ಲೋಹದ ಮುಂದೆ ಇಂದಿನದು ಏನೂ ಅಲ್ಲ ಎನ್ನುವವರು ಒಂದು ಕಡೆ. ರೇಸೆಂದರೆ ಎಲ್ಲವೂ ಪೆಟ್ಟಿಗೆಯಿಂದ ಆಗಷ್ಟೇ ತೆಗೆದ ಹೊಸದಾಗಿರಬೇಕು, ಅದಕ್ಕೆ ಹಣವಿಲ್ಲದವನು ಆ ಕಡೆ ತಲೆ ಹಾಕಬಾರದು ಎನ್ನುವವರು ಇನ್ನೊಂದು ಕಡೆ. ನನ್ನ ಮಟ್ಟಿಗೆ ಇವರಿಬ್ಬರೂ ಪ್ರಶ್ನೆಯನ್ನೇ ತಪ್ಪಾಗಿ ಕೇಳುತ್ತಿದ್ದಾರೆ. ಒಂದು ಭಾಗಕ್ಕೆ ಎಷ್ಟು ವಯಸ್ಸಾಗಿದೆ ಎಂಬುದಕ್ಕಿಂತ, ಅದು ಎಂಜಿನ್ನಿನೊಳಗೆ ಯಾವ ಬಗೆಯ ಭಾರ ಹೊರುತ್ತದೆ, ಇದುವರೆಗೆ ಎಷ್ಟು ಹೊತ್ತಿದೆ ಎಂಬುದು ಮುಖ್ಯ.

ನನ್ನ ವಿದ್ಯಾರ್ಥಿಗಳಿಗೆ ಆ ತಂತಿಯ ಪ್ರಯೋಗ ನೆನಪಿರಬೇಕು. ಕಬ್ಬಿಣದ ತಂತಿಯನ್ನು ಕೈಯಿಂದ ಎಳೆದು ತುಂಡರಿಸಲು ಯಾರಿಗೂ ಆಗುತ್ತಿರಲಿಲ್ಲ. ಅದನ್ನೇ ಹಿಂದಕ್ಕೂ ಮುಂದಕ್ಕೂ ಹತ್ತಿಪ್ಪತ್ತು ಸಲ ಬಾಗಿಸಿದರೆ ತರಗತಿಯ ಅತ್ಯಂತ ಸಣಕಲು ಹುಡುಗನ ಕೈಯಲ್ಲೂ ಪಟ್ಟೆಂದು ತುಂಡಾಗುತ್ತಿತ್ತು. ಒಮ್ಮೆ ಬಿದ್ದ ದೊಡ್ಡ ಭಾರವನ್ನು ತಡೆದ ಲೋಹ, ಮರಳಿ ಮರಳಿ ಬೀಳುವ ಸಣ್ಣ ಭಾರಕ್ಕೆ ಸೋಲುತ್ತದೆ. ಇದಕ್ಕೆ ಲೋಹದ ದಣಿವು ಎಂದು ಹೆಸರು. ಹತ್ತೊಂಬತ್ತನೆಯ ಶತಮಾನದಲ್ಲಿ ರೈಲುಗಾಡಿಗಳ ಅಚ್ಚುಗಳು ಏಕೆ ಮುರಿಯುತ್ತವೆ ಎಂಬುದನ್ನು ವರ್ಷಗಟ್ಟಲೆ ಪರೀಕ್ಷಿಸಿ ಇದರ ನಿಯಮಗಳನ್ನು ಕಂಡುಕೊಂಡವನು ಜರ್ಮನಿಯ ಆಗಸ್ಟ್ ವೋಲರ್. ಉಕ್ಕಿಗೆ ಒಂದು ಮಿತಿಯಿದೆ. ಹೊರೆ ಆ ಮಿತಿಯ ಕೆಳಗೇ ಇದ್ದರೆ ಅದು ಬಹುಕಾಲ ಬಾಳುತ್ತದೆ. ಪಿಸ್ಟನ್ನಿಗೆ ಬಳಸುವ ಅಲ್ಯೂಮಿನಿಯಮ್ಮಿಗೆ ಅಂಥ ಸ್ಪಷ್ಟ ಮಿತಿಯಿಲ್ಲ. ಪ್ರತಿಯೊಂದು ಸುತ್ತೂ ಅದರ ಆಯುಷ್ಯದಿಂದ ಚೂರು ಚೂರೇ ಕಳೆಯುತ್ತ ಹೋಗುತ್ತದೆ.

ಈಗ ಆರ್‌ಎಕ್ಸ್ 100ರ ಲೆಕ್ಕಕ್ಕೆ ಬರೋಣ. ಅದರ ಬೋರು 50 ಮಿಲಿಮೀಟರ್, ಪಿಸ್ಟನ್ ಚಲಿಸುವ ದೂರವೂ 50 ಮಿಲಿಮೀಟರ್. ಹೀಗಾಗಿ 98 ಸಿಸಿ. ನಿಮಿಷಕ್ಕೆ ಸುಮಾರು 7,500 ಸುತ್ತುಗಳಲ್ಲಿ ಅದು ತನ್ನ ಪೂರ್ಣ ಶಕ್ತಿ ಕೊಡುವಂತೆ ತಯಾರಾದ ಬಂಡಿ. ರೇಸಿಗಾಗಿ ಅದನ್ನು 10,500 ಸುತ್ತಿಗೆ ಏರಿಸಿದೆವೆನ್ನಿ. ಸುತ್ತು ಹೆಚ್ಚಿದ್ದು 1.4 ಪಟ್ಟು ಮಾತ್ರ. ಆದರೆ ಓಡುವ ಪಿಸ್ಟನ್ನನ್ನು ತಡೆದು ನಿಲ್ಲಿಸಿ ಹಿಂದಕ್ಕೆ ತಿರುಗಿಸಲು ಬೇಕಾದ ಬಲ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. 1.4ರ ವರ್ಗ 1.96, ಅಂದರೆ ಭಾರ ಹೆಚ್ಚುಕಡಿಮೆ ಇಮ್ಮಡಿ. ಒಂದು ಗಂಟೆಯಲ್ಲಿ ಹೀಗೆ 6,30,000 ಸುತ್ತು! ರಸ್ತೆಯ ಮೇಲೆ ಇಪ್ಪತ್ತು ವರ್ಷ ತೊಂದರೆ ಕೊಡದೆ ಓಡಿದ ಕನೆಕ್ಟಿಂಗ್ ರಾಡು "ಗಟ್ಟಿ ಮಾಲು" ಎಂದು ನಾವು ಮೆಚ್ಚಿಕೊಳ್ಳುತ್ತೇವೆ. ಆದರೆ ಅದು ಗಟ್ಟಿಯೆಂದು ತೋರಿಸಿಕೊಟ್ಟದ್ದು ಅರ್ಧ ಭಾರದ ಕೆಳಗೆ. ರೇಸಿನ ಭಾರ ಅದಕ್ಕೆ ಹೊಸದು.

ಹಳೆಯದನ್ನು ಬಳಸುವ ಪಂಗಡದವರು ಒಡನೆಯೇ ಬರ್ಟ್ ಮನ್ರೋನ ಹೆಸರು ಹೇಳುತ್ತಾರೆ. ನ್ಯೂಜಿಲೆಂಡಿನ ಇನ್ವರ್‌ಕಾರ್ಗಿಲ್ ಊರಿನ ಈತ 1920ರಲ್ಲಿ ಇಂಡಿಯನ್ ಸ್ಕೌಟ್ ಎಂಬ ಮೋಟಾರ್ ಸೈಕಲ್ ಕೊಂಡ. ಹೆಸರು ಇಂಡಿಯನ್ ಆದರೂ ಅದು ನಮ್ಮ ದೇಶದ್ದಲ್ಲ, ಅಮೆರಿಕದ ಕಂಪನಿಯದು. 600 ಸಿಸಿಯ ಆ ಬಂಡಿ ಗಂಟೆಗೆ ಸುಮಾರು 88 ಕಿಲೋಮೀಟರ್ ಓಡುತ್ತಿತ್ತು. ಅದನ್ನೇ ನಾಲ್ಕು ದಶಕಗಳಿಗೂ ಮಿಕ್ಕಿ ತಿದ್ದುತ್ತ ಬಂದು, 1967ರಲ್ಲಿ, ತನ್ನ 68ನೆಯ ವಯಸ್ಸಿನಲ್ಲಿ, ಅಮೆರಿಕದ ಬಾನೆವಿಲ್ ಉಪ್ಪಿನ ಬಯಲಿನಲ್ಲಿ ಗಂಟೆಗೆ 295 ಕಿಲೋಮೀಟರ್ ವೇಗದ ದಾಖಲೆ ಬರೆದ. ಅಂದಿನ ಲೆಕ್ಕದಲ್ಲಿ ತಪ್ಪಿತ್ತೆಂದು 2014ರಲ್ಲಿ ಗೊತ್ತಾಗಿ, ಆ ವೇಗವನ್ನು 296 ಕಿಲೋಮೀಟರಿಗೆ ತಿದ್ದಲಾಯಿತು. ಅವನ ಕಥೆಯನ್ನಾಧರಿಸಿ 2005ರಲ್ಲಿ ಚಲನಚಿತ್ರವೂ ಬಂತು. ನಿಮ್ಮಲ್ಲಿ ಕೆಲವರಾದರೂ ನೋಡಿರಬಹುದು.

ಆದರೆ ಮನ್ರೋ ನಿಜವಾಗಿ ಮಾಡಿದ್ದೇನು? ಅವನು ಉಳಿಸಿಕೊಂಡದ್ದು ಎಂಜಿನ್ನಿನ ಮೂಲ ಒಡಲನ್ನು. ಒಳಗೆ ಓಡಾಡುವ ಭಾಗಗಳನ್ನು ಮತ್ತೆ ಮತ್ತೆ ಹೊಸದಾಗಿ ಮಾಡಿಕೊಂಡ. ಪಿಸ್ಟನ್ನುಗಳನ್ನು ತಾನೇ ಎರಕ ಹೊಯ್ದ. ಕನೆಕ್ಟಿಂಗ್ ರಾಡುಗಳನ್ನು ಟ್ರ್ಯಾಕ್ಟರಿನ ಅಚ್ಚಿನ ಉಕ್ಕಿನಿಂದ ಕಡೆದು, ಕಾಸಿ ಹದಗೊಳಿಸಿದ. ಅದೂ ಹಳೆಯ ಉಕ್ಕೇ ಅಲ್ಲವೇ ಎಂದು ನೀವು ಕೇಳಬಹುದು. ಹೌದು. ಆದರೆ ದಣಿವಿನ ಬಿರುಕು ಸಾಮಾನ್ಯವಾಗಿ ಹುಟ್ಟುವುದು ಲೋಹದ ಮೇಲ್ಮೈಯಲ್ಲಿ. ದಪ್ಪನೆಯ ಅಚ್ಚಿನ ಮೇಲ್ಮೈಯನ್ನು ಕಡೆದು ತೆಗೆದು, ಒಳಗಿನ ಉಕ್ಕಿಗೆ ಹೊಸ ಹದ ಕೊಟ್ಟವನು ಹಳೆಯ ಲೋಹ ಬಳಸಿದನೇ ಹೊರತು ಹಳೆಯ ಭಾಗವನ್ನಲ್ಲ. ಇಷ್ಟಾದರೂ ಅವನ ಶೆಡ್ಡಿನಲ್ಲಿ ಒಂದು ಕಪಾಟಿತ್ತು. ಒಡೆದ ಪಿಸ್ಟನ್ನುಗಳನ್ನೂ ಮುರಿದ ರಾಡುಗಳನ್ನೂ ಅದರಲ್ಲಿ ಸಾಲಾಗಿ ಇಟ್ಟು, ವೇಗದ ದೇವರಿಗೆ ಕಾಣಿಕೆ ಎಂದು ಬರೆದಿದ್ದ. ಮನ್ರೋನ ಹೆಸರು ಹೇಳುವವರು ಆ ದಾಖಲೆಯ ಜೊತೆಗೆ ಈ ಕಪಾಟನ್ನೂ ನೆನೆಯಬೇಕು.

ಎರಡನೆಯ ಉದಾಹರಣೆ ಇನ್ನೂ ಸ್ವಾರಸ್ಯದ್ದು, ಹೊಸದನ್ನೇ ಪೂಜಿಸುವವರಿಗೆ ಉತ್ತರ ಕೊಡುವಂಥದ್ದು. 1980ರ ದಶಕದ ಆರಂಭದಲ್ಲಿ ಜರ್ಮನಿಯ ಬಿಎಂಡಬ್ಲ್ಯು ಕಂಪನಿ ಫಾರ್ಮುಲಾ ಒನ್ ಓಟಕ್ಕೆ ಒಂದೂವರೆ ಲೀಟರಿನ ಟರ್ಬೊ ಎಂಜಿನ್ ತಯಾರಿಸಿತು. ಹಣಕ್ಕೆ ಬರವಿರಲಿಲ್ಲ. ಆದರೂ ಪಾಲ್ ರೋಶೆ ಎಂಬ ಎಂಜಿನಿಯರನ ತಂಡ ಅದರ ಬ್ಲಾಕಿಗೆ ಆರಿಸಿಕೊಂಡದ್ದು ತಮ್ಮ ಸಾಮಾನ್ಯ ಕಾರುಗಳ ಎರಕದ ಕಬ್ಬಿಣದ ಬ್ಲಾಕನ್ನು. ಅದರಲ್ಲೂ ಒಂದು ಲಕ್ಷ ಕಿಲೋಮೀಟರಿನಷ್ಟು ಓಡಿ ಹಳತಾದವನ್ನು. ಕಾರಣ ಸರಳ. ಎರಕ ಹೊಯ್ದ ಕಬ್ಬಿಣ ತಣ್ಣಗಾಗುವಾಗ ತೆಳುವಾದ ಭಾಗ ಬೇಗ ಆರುತ್ತದೆ, ದಪ್ಪನೆಯ ಭಾಗ ನಿಧಾನವಾಗಿ. ಇದರಿಂದ ಒಳಗೇ ಸೆಳೆತಗಳು ಉಳಿದುಬಿಡುತ್ತವೆ. ಹೊಸ ಬ್ಲಾಕಿನಲ್ಲಿ ಎಷ್ಟು ನಿಖರವಾಗಿ ಬೋರು ಕೊರೆದರೂ ಕಾಲಕ್ರಮದಲ್ಲಿ ಅದು ಕೂದಲೆಳೆಯಷ್ಟು ಸೊಟ್ಟಗಾಗಬಹುದು. ಸಾವಿರಾರು ಸಲ ಕಾದು ತಣಿದ ಬ್ಲಾಕಿನಲ್ಲಿ ಆ ಸೆಳೆತಗಳು ಸಡಿಲಗೊಂಡು ಲೋಹ ನೆಲೆಗೊಂಡಿರುತ್ತದೆ. ಹಿಂದೆ ಎರಕದ ಕಾರ್ಖಾನೆಗಳಲ್ಲಿ ಅಚ್ಚಿನಿಂದ ತೆಗೆದ ಭಾಗಗಳನ್ನು ತಿಂಗಳುಗಟ್ಟಲೆ ಬಯಲಿನಲ್ಲಿ ಬಿಸಿಲು ಮಳೆಗೆ ಬಿಡುತ್ತಿದ್ದುದೂ ಇದಕ್ಕಾಗಿಯೇ. 1983ರಲ್ಲಿ ಬ್ರೆಜಿಲ್ಲಿನ ನೆಲ್ಸನ್ ಪಿಕೆ ಬ್ರಾಬಮ್ ಕಾರಿನಲ್ಲಿ ಈ ಎಂಜಿನ್ನಿನಿಂದಲೇ ವಿಶ್ವಚಾಂಪಿಯನ್ ಆದ.

ತಾಳಿದವನು ಬಾಳಿಯಾನು ಎಂಬ ಗಾದೆ ಬ್ಲಾಕಿನ ವಿಷಯದಲ್ಲಿ ಅಕ್ಷರಶಃ ನಿಜವಾಯಿತು. ಆದರೆ ಗಮನಿಸಿ: ಆ ಹಳೆಯ ಬ್ಲಾಕಿನೊಳಗೆ ಹಳೆಯ ಪಿಸ್ಟನ್ನನ್ನೂ ಹಳೆಯ ರಾಡನ್ನೂ ಯಾರೂ ಕೂರಿಸಲಿಲ್ಲ. ಅವೆಲ್ಲ ರೇಸಿಗಾಗಿಯೇ ಮಾಡಿದ ಹೊಸ ಭಾಗಗಳು. ಬಡಗಿಯಂತೆ ಶೆಡ್ಡಿನಲ್ಲಿ ಒಬ್ಬನೇ ಕುಳಿತ ಮನ್ರೋನೂ, ದೊಡ್ಡ ಕಾರ್ಖಾನೆಯ ರೋಶೆಯೂ ಒಂದೇ ತೀರ್ಮಾನಕ್ಕೆ ಬಂದರು. ನಿಂತಲ್ಲೇ ನಿಂತು ಭಾರ ಹೊರುವುದು ಹಳೆಯದಿರಬಹುದು. ಕ್ಷಣಕ್ಕೆ ನೂರಾರು ಸಲ ದಿಕ್ಕು ಬದಲಿಸುತ್ತ ಓಡುವುದು ಹೊಸದಿರಬೇಕು.

ಹಾಗಾದರೆ ಓಡುವ ಭಾಗಗಳನ್ನು ಒಮ್ಮೆ ಬಳಸಿ ಎಸೆಯಬೇಕೇ? ಅದೂ ಅಲ್ಲ. ಒಂದು ಕಾಲದಲ್ಲಿ ಫಾರ್ಮುಲಾ ಒನ್ ತಂಡಗಳು ಅರ್ಹತಾ ಸುತ್ತಿಗೇ ಒಂದು ಎಂಜಿನ್ ಬಳಸಿ, ಮರುದಿನದ ಓಟಕ್ಕೆ ಇನ್ನೊಂದನ್ನು ಹಾಕುತ್ತಿದ್ದವು. 2004ರಲ್ಲಿ ಶುಕ್ರವಾರದಿಂದ ಭಾನುವಾರದವರೆಗೆ ಒಂದೇ ಎಂಜಿನ್ ಎಂಬ ನಿಯಮ ಬಂತು. 2005ರಲ್ಲಿ ಎರಡು ಓಟಗಳಿಗೆ ಒಂದು. 2009ರಲ್ಲಿ ಒಬ್ಬ ಚಾಲಕನಿಗೆ ವರ್ಷಕ್ಕೆ ಎಂಟು. 2018ರಲ್ಲಿ ಅದು ಮೂರಕ್ಕೆ ಇಳಿಯಿತು. ಅಂದರೆ ಜಗತ್ತಿನ ಅತ್ಯಂತ ದುಬಾರಿ ಓಟದಲ್ಲೂ ಬಳಸಿದ್ದನ್ನೇ ಮತ್ತೆ ಬಳಸುತ್ತಾರೆ. ಆದರೆ ಅಲ್ಲಿ ಯಾವ ಭಾಗ ಎಷ್ಟು ಕಿಲೋಮೀಟರ್ ಓಡಿದೆ ಎಂಬುದಕ್ಕೆ ಲೆಕ್ಕವಿರುತ್ತದೆ. ಗುಜರಿಯ ರಾಡಿಗೂ ಅದಕ್ಕೂ ಇರುವ ವ್ಯತ್ಯಾಸ ಈ ಲೆಕ್ಕ. ಗುಜರಿಯಲ್ಲಿ ಸಿಕ್ಕದ್ದು ಯಾವ ಬಂಡಿಯದು, ಎಷ್ಟು ಓಡಿತ್ತು, ಎಣ್ಣೆಯಿಲ್ಲದೆ ಒಮ್ಮೆ ಜಾಮ್ ಆಗಿತ್ತೇ, ಯಾರಿಗೂ ಗೊತ್ತಿಲ್ಲ. ಬಿರುಕು ಪತ್ತೆ ಮಾಡಲು ಬಣ್ಣದ ದ್ರವ ಸವರಿ ನೋಡುವ ಪರೀಕ್ಷೆಯಿದೆ, ಒಳ್ಳೆಯದೇ. ಆದರೆ ಅದು ಮೇಲ್ಮೈಯಲ್ಲಿ ಹುಟ್ಟಿದ ಬಿರುಕನ್ನು ತೋರಿಸೀತೇ ಹೊರತು, ಹುಟ್ಟಲಿರುವ ಬಿರುಕನ್ನು ತೋರಿಸಲಾರದು.

ಹೊಸದು ಎಂಬ ಮಾತಿಗೂ ಮರುಳಾಗಬಾರದು. ಆರ್‌ಎಕ್ಸ್ 100ರ ತಯಾರಿಕೆ ನಿಂತದ್ದು 1996ರಲ್ಲಿ. ಇಷ್ಟು ವರ್ಷಗಳ ಮೇಲೂ ಅದಕ್ಕೆ ಬೇಡಿಕೆಯಿರುವುದರಿಂದ, ಹೊಳೆಯುವ ಪೆಟ್ಟಿಗೆಯಲ್ಲಿ ಹೆಸರಾಂತ ಕಂಪನಿಯ ಗುರುತು ಹೊತ್ತ ನಕಲಿ ಭಾಗಗಳೂ ಸಿಗುತ್ತವೆ. ಅಂಥ ಹೊಸ ಪಿಸ್ಟನ್ನಿಗಿಂತ, ಚರಿತ್ರೆ ಗೊತ್ತಿರುವ, ಅಳತೆ ಮಾಡಿ ನೋಡಿದ ಹಳೆಯದೇ ಮೇಲು. ಇನ್ನೊಂದು ಮೋಸವಿದೆ: ಮೂವತ್ತು ವರ್ಷ ಅಂಗಡಿಯ ಅಟ್ಟದ ಮೇಲೆ ಕುಳಿತಿದ್ದ "ಒರಿಜಿನಲ್" ಆಯಿಲ್ ಸೀಲು. ಉಕ್ಕು ಬಳಸದಿದ್ದರೆ ದಣಿಯದು. ರಬ್ಬರು ಬಳಸದಿದ್ದರೂ ಮುಪ್ಪಾಗಿ ಗಡುಸಾಗುತ್ತದೆ. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಕ್ರ್ಯಾಂಕಿನ ಸೀಲು ಸೋರಿದರೆ ಹೊರಗಿನ ಗಾಳಿ ಒಳನುಗ್ಗಿ ಪೆಟ್ರೋಲಿನ ಮಿಶ್ರಣ ತೆಳುವಾಗುತ್ತದೆ, ಪಿಸ್ಟನ್ ಮಿತಿಮೀರಿ ಕಾದು ಬೋರಿಗೆ ಕಚ್ಚಿಕೊಳ್ಳುತ್ತದೆ. ವೇಗದಲ್ಲಿರುವಾಗ ಹಾಗಾದರೆ ಹಿಂದಿನ ಚಕ್ರ ಇದ್ದಕ್ಕಿದ್ದಂತೆ ಸ್ತಬ್ಧವಾಗುತ್ತದೆ. ಮುಂದೆ ಏನಾಗುತ್ತದೆಂದು ನಾನು ಬರೆಯಬೇಕಿಲ್ಲ. ಕೆಲವು ನೂರು ರೂಪಾಯಿಗಳ ಉಳಿತಾಯಕ್ಕೆ ಪ್ರತಿಯಾಗಿ ಅಲ್ಲಿ ಒತ್ತೆಯಿಟ್ಟಿರುವುದು ಹುಡುಗನ ಕೈಕಾಲು, ಕೆಲವೊಮ್ಮೆ ಪ್ರಾಣ.

ಹಾಗಾಗಿ ನನ್ನ ಅಭಿಪ್ರಾಯ ಇದು. ಕ್ರ್ಯಾಂಕ್‌ಕೇಸು, ಬ್ಲಾಕು, ಹೆಡ್ಡು ಇವನ್ನು ಧಾರಾಳವಾಗಿ ಹಳೆಯದೇ ಕೊಳ್ಳಿ. ಬಿರುಕಿಲ್ಲವೆಂದು ನೋಡಿ, ಬ್ಲಾಕಿಗೆ ಬೋರು ಹೊಡೆಸಿ ಅಳತೆಗೆ ತಕ್ಕ ಪಿಸ್ಟನ್ ಹಾಕಿಸಿ. ಗೇರುಗಳ ಹಲ್ಲು ಸರಿಯಿದ್ದರೆ ಅವೂ ಆಗಬಹುದು. ಪಿಸ್ಟನ್, ರಿಂಗು, ಪಿಸ್ಟನ್ ಪಿನ್ನು, ಅದರ ಲಾಕು, ಕನೆಕ್ಟಿಂಗ್ ರಾಡು, ಬೇರಿಂಗು, ಸೀಲು, ಗ್ಯಾಸ್ಕೆಟ್ಟು ಇವು ಹೊಸವೇ ಇರಲಿ, ನಂಬಿಕಸ್ಥ ಅಂಗಡಿಯವೇ ಇರಲಿ. ಹಣ ಸಾಲದಿದ್ದರೆ ಒಂದು ವರ್ಷ ತಡವಾಗಿ ಓಡಿದರೆ ನಷ್ಟವೇನಿಲ್ಲ. ಹಣವಿಲ್ಲದವನು ಓಡಲೇಬಾರದು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಹಳೆಯ ಒಡಲು ಕೊಂಡು ಉಳಿಸಿದ ಹಣವನ್ನೇ ಹೊಸ ಪಿಸ್ಟನ್ನಿಗೆ ಹಾಕಿದರೆ ಅವನಿಗೂ ದಾರಿಯಿದೆ. ಆದರೆ ಓಡುವುದು ಶ್ರೀಪೆರಂಬದೂರಿನ ಬಳಿಯಿರುವ ಟ್ರ್ಯಾಕ್, ಕೊಯಮತ್ತೂರಿನ ಟ್ರ್ಯಾಕ್ ಇಂಥ ಕಡೆ ಆಗಲಿ. ನಡುರಾತ್ರಿಯ ಊರ ರಸ್ತೆಯಲ್ಲಿ ಅಲ್ಲ. ಅಲ್ಲಿ ಮುರಿದ ರಾಡಿನ ಬೆಲೆ ತೆರುವವನು ದಾರಿಹೋಕನೂ ಆಗಬಹುದು.

ನಮ್ಮ ತಲೆಮಾರಿನವರು ಯಾವುದನ್ನೂ ಬಿಸಾಡದೆ ಬೆಳೆದವರು. ಹರಿದ ಸೀರೆ ಕೌದಿಯಾಗುತ್ತಿತ್ತು, ಅಣ್ಣನ ಪುಸ್ತಕ ತಮ್ಮನಿಗೆ ಬರುತ್ತಿತ್ತು. ಆ ಗುಣ ಇಂದಿನ ಮಕ್ಕಳಲ್ಲೂ ಉಳಿಯಲಿ ಎಂದೇ ನನ್ನ ಹಾರೈಕೆ. ಆದರೆ ಮರುಬಳಕೆಗೆ ಒಂದು ಶಿಸ್ತು ಬೇಕು. ಬಾವಿಯ ಹಗ್ಗ ಸವೆದದ್ದು ಕಂಡರೆ ನಮ್ಮ ತಾಯಂದಿರು ಅದನ್ನು ಬಾವಿಯಿಂದ ಬಿಡಿಸಿ ಬಟ್ಟೆ ಒಣಗಿಸಲು ಕಟ್ಟುತ್ತಿದ್ದರು. ಹಗ್ಗವನ್ನು ಎಸೆಯುತ್ತಿರಲಿಲ್ಲ, ಕೊಡವನ್ನೂ ಬಾವಿಗೆ ಬೀಳಿಸುತ್ತಿರಲಿಲ್ಲ. ನಿಮ್ಮಲ್ಲಿ ಗ್ಯಾರೇಜು ನಡೆಸುವವರಿದ್ದರೆ, ಗೋಡೆಗೆ ಒಂದು ನೋಟ್‌ಬುಕ್ ತೂಗುಹಾಕಿ, ಯಾವ ಭಾಗವನ್ನು ಎಂದು ಹಾಕಿದಿರಿ, ಎಷ್ಟು ಗಂಟೆ ಓಡಿತು ಎಂದು ಬರೆದಿಡುವ ಅಭ್ಯಾಸವನ್ನು ನಿಮ್ಮ ಹುಡುಗರಿಗೆ ಕಲಿಸಿ. ಹತ್ತು ರೂಪಾಯಿಯ ಪೆನ್ನಿನಿಂದ ಆಗುವ ಕೆಲಸ ಅದು.