ಜೋರು ಬೇರೆ, ಸ್ಪಷ್ಟ ಬೇರೆ

ಮನೆಗೆ ಹೊಸ ರಿಸೀವರ್ ಬಂದ ದಿನ ಎಲ್ಲರ ಕಿವಿಗೂ ಧ್ವನಿ ಚೆನ್ನಾಗಿಯೇ ಕೇಳುತ್ತದೆ. ಹಣ ಕೊಟ್ಟು ತಂದ ವಸ್ತು, ಮಗ ರಿಮೋಟ್ ಹಿಡಿದು ನಿಂತು ‘ಹೇಗಿದೆ ಅಮ್ಮಿ?’ ಎಂದು ಕೇಳುತ್ತಿದ್ದಾನೆ. ಚೆನ್ನಾಗಿಲ್ಲ ಎನ್ನಲು ಯಾವ ತಾಯಿಗೆ ಮನಸ್ಸು ಬರುತ್ತದೆ? ಆದರೆ ಹತ್ತಿಪ್ಪತ್ತು ಸಾವಿರ ರೂಪಾಯಿ ಖರ್ಚಾದ ಮೇಲೆ ಧ್ವನಿ ನಿಜವಾಗಿ ಸುಧಾರಿಸಿದೆಯೇ ಅಥವಾ ಸದ್ದು ಮಾತ್ರ ಹೆಚ್ಚಿದೆಯೇ ಎಂದು ತಿಳಿಯುವುದು ಹೇಗೆ? ಸಹೋದರಿಯರೇ, ಈ ತಿಂಗಳು ಆ ವಿಷಯ ಮಾತನಾಡೋಣ. ಮಿಕ್ಸಿ ಕೊಳ್ಳುವಾಗ ಅಂಗಡಿಯವನಿಗೆ ಹತ್ತು ಪ್ರಶ್ನೆ ಕೇಳುವ ನಾವು, ಇದನ್ನು ಮಾತ್ರ ಗಂಡಸರ ವಿಷಯವೆಂದು ಬಿಟ್ಟುಬಿಡುತ್ತೇವೆ. ದಿನವಿಡೀ ಆ ಧ್ವನಿಯ ಜೊತೆ ಮನೆಯಲ್ಲಿರುವವರು ಮಾತ್ರ ನಾವೇ.

ಮೊದಲು ರಿಸೀವರ್ ಎಂದರೇನು ಎಂದು ನೋಡೋಣ. ಟಿ.ವಿ.ಯಿಂದಲೋ ಸೆಟ್‌ಟಾಪ್ ಬಾಕ್ಸಿನಿಂದಲೋ ಬರುವ ಧ್ವನಿಯನ್ನು ತೆಗೆದುಕೊಂಡು, ಬೇರ್ಪಡಿಸಿ, ಬಲಪಡಿಸಿ ಸ್ಪೀಕರುಗಳಿಗೆ ಕಳುಹಿಸುವ ಪೆಟ್ಟಿಗೆ ಅದು. ‘5.1’ ಎಂದು ಬರೆದಿದ್ದರೆ ಐದು ಸ್ಪೀಕರ್ ಮತ್ತು ಒಂದು ಸಬ್‌ವೂಫರ್ ಎಂದರ್ಥ. ಮುಂದೆ ಎಡ, ಬಲ ಮತ್ತು ಮಧ್ಯ, ಪಕ್ಕದಲ್ಲಿ ಇಲ್ಲವೇ ಹಿಂದೆ ಎರಡು. ಸಬ್‌ವೂಫರ್ ಕೆಳಸ್ವರದ ಗುಡುಗಿಗೆ. ಇವುಗಳಲ್ಲಿ ಹೆಚ್ಚಿನ ಮಾತುಕತೆ ಬರುವುದು ಮಧ್ಯದ ಸ್ಪೀಕರಿನಿಂದ. ಇದೊಂದು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಅಂಗಡಿಯಲ್ಲಿ ಮೊದಲು ಹೇಳುವುದು ವ್ಯಾಟ್ ಲೆಕ್ಕ. ಹಳೆಯದು 50 ವ್ಯಾಟ್, ಹೊಸದು 100 ವ್ಯಾಟ್ ಎಂದರೆ ಧ್ವನಿ ಎರಡರಷ್ಟಾಗುತ್ತದೆ ಎಂದು ನಾವು ತಿಳಿಯುತ್ತೇವೆ. ಕಿವಿಯ ಲೆಕ್ಕ ಹಾಗಿಲ್ಲ. ವ್ಯಾಟ್ ಎರಡರಷ್ಟಾದರೆ ಹೆಚ್ಚುವುದು 3 ಡೆಸಿಬೆಲ್ ಮಾತ್ರ. ಧ್ವನಿ ಎರಡರಷ್ಟು ಜೋರಾದಂತೆ ಕೇಳಬೇಕಾದರೆ ಸುಮಾರು 10 ಡೆಸಿಬೆಲ್ ಬೇಕು, ಅಂದರೆ ಹತ್ತರಷ್ಟು ವ್ಯಾಟ್. ಇನ್ನು ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದಲ್ಲಿ ಸಾವಿರಾರು ವ್ಯಾಟ್ ‘ಪಿ.ಎಂ.ಪಿ.ಒ.’ ಎಂದಿದ್ದರೆ ಅದನ್ನು ನಂಬಬೇಡಿ. ಅದನ್ನು ಅಳೆಯಲು ಎಲ್ಲರೂ ಒಪ್ಪಿದ ಕ್ರಮವೇ ಇಲ್ಲ. ‘ಆರ್.ಎಂ.ಎಸ್.’ ಎಂದು ಬರೆದ ಅಂಕಿ ಎಷ್ಟು ಎಂದು ಕೇಳಿ.

ಮೋಸ ಹೋಗುವ ಇನ್ನೊಂದು ದಾರಿಯಿದೆ. ಒಂದೇ ಧ್ವನಿಯನ್ನು ಸ್ವಲ್ಪ ಜೋರಾಗಿ ಕೇಳಿಸಿದರೆ ಅದೇ ಚೆನ್ನಾಗಿದೆ ಎಂದು ನಮ್ಮ ಮನಸ್ಸು ತೀರ್ಮಾನಿಸುತ್ತದೆ. ಆದ್ದರಿಂದ ಹಳೆಯದನ್ನೂ ಹೊಸದನ್ನೂ ಹೋಲಿಸುವಾಗ ಎರಡನ್ನೂ ಒಂದೇ ಮಟ್ಟಕ್ಕೆ ತನ್ನಿ. ಧ್ವನಿ ಅಳೆಯುವ ಆಪ್ ಮೊಬೈಲಿನಲ್ಲಿ ಸಿಗುತ್ತದೆ. ಅದರ ಅಂಕಿ ಪೂರ್ತಿ ನಿಖರವಲ್ಲದಿದ್ದರೂ ಎರಡನ್ನು ಸಮ ಮಾಡಲು ಸಾಕು. ಅದೇ ಮುದ್ರಣ, ಅದೇ ಕುರ್ಚಿ, ಅದೇ ಮಟ್ಟ. ಈಗ ಯಾವುದು ಓಡುತ್ತಿದೆ ಎಂದು ಕೇಳುವವರಿಗೆ ಹೇಳಬೇಡಿ.

ನಮ್ಮ ಅಂತರಘಟ್ಟೆಯ ಒಂದು ಮನೆಯಲ್ಲಿ ಇದನ್ನು ಮಾಡಿ ನೋಡಿದೆವು. ಎರಡು ಸ್ಪೀಕರಿನ ಹಳೆಯ ಆಂಪ್ಲಿಫೈಯರ್ ಇದ್ದ ಮನೆಗೆ ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗ 5.1 ರಿಸೀವರ್ ತಂದಿದ್ದ. ಮಕ್ಕಳಿಗೆ ಸಂಭ್ರಮ. ದಾದಿ ಮಾತ್ರ ಎರಡು ವಾರದಲ್ಲಿ ಹಾಲ್ ಬಿಟ್ಟು ಒಳಕೋಣೆಯಲ್ಲಿ ಕೂರತೊಡಗಿದರು. ಭದ್ರಾವತಿ ಆಕಾಶವಾಣಿ ಹಿಡಿಯುವ ಹಳೆಯ ಟ್ರಾನ್ಸಿಸ್ಟರ್ ಅವರ ಪಕ್ಕದಲ್ಲಿ. ‘ವಯಸ್ಸಾಯಿತು, ಅವರಿಗೆ ಇದರಲ್ಲೆಲ್ಲ ಆಸಕ್ತಿಯಿಲ್ಲ’ ಎಂದು ಮನೆಯವರು ಸುಮ್ಮನಾದರು. ಕರೆದರೆ ಓಗೊಡುವುದು ಕಡಿಮೆಯಾಗಿದೆ, ಮರೆವು ಬಂದಿರಬೇಕು ಎಂಬ ಮಾತೂ ಬಂತು.

ಸೊಸೆ ಮೊಬೈಲಿನಲ್ಲಿ ಹತ್ತು ಹತ್ತು ಪದಗಳ ಮೂರು ಪಟ್ಟಿ ರೆಕಾರ್ಡ್ ಮಾಡಿದಳು. ಹಾಲು, ಸಾಲು, ಕಾಲು, ಪಾಲು, ಶಾಲು. ತಟ್ಟೆ, ಕಟ್ಟೆ, ಬಟ್ಟೆ, ಪಟ್ಟೆ. ಹೀಗೆ ಮೊದಲ ಅಕ್ಷರ ಮಾತ್ರ ಬೇರೆಯಿರುವ ಪದಗಳು. ದಾದಿ ಕೇಳಿದ್ದನ್ನು ತಿರುಗಿ ಹೇಳಬೇಕು. ಹಳೆಯ ಪೆಟ್ಟಿಗೆಯಲ್ಲಿ ಹತ್ತಕ್ಕೆ ಆರು ಸರಿ. ಹೊಸದರಲ್ಲಿ ಐದು! ದುಡ್ಡು ಕೊಟ್ಟ ಮಗನ ಮುಖ ಸಣ್ಣದಾಯಿತು.

ಇದಕ್ಕೆ ಕಾರಣ ಕಿವಿಯ ರಚನೆಯಲ್ಲಿದೆ. ಎಳೆಯ ಕಿವಿ 20ರಿಂದ 20,000 ಹರ್ಟ್ಸ್‌ವರೆಗೆ ಕೇಳುತ್ತದೆ. ವಯಸ್ಸಾದಂತೆ ಮೊದಲು ಕಳೆದುಹೋಗುವುದು ಮೇಲಿನ ಸ್ವರಗಳು. ‘ಆ’, ‘ಓ’ ಮುಂತಾದ ಸ್ವರಾಕ್ಷರಗಳ ಬಲ ಕೆಳಭಾಗದಲ್ಲಿದೆ. ಸ, ಶ, ತ, ಕ ಮುಂತಾದ ವ್ಯಂಜನಗಳ ಗುರುತು ಬಹುಮಟ್ಟಿಗೆ 2,000 ಹರ್ಟ್ಸ್‌ಗಿಂತ ಮೇಲಿದೆ. ಹೀಗಾಗಿ ಹಿರಿಯರಿಗೆ ಮಾತಿನ ಸದ್ದು ಕೇಳುತ್ತದೆ, ಪದ ತಿಳಿಯುವುದಿಲ್ಲ. ಮಕ್ಕಳಿಗೆ ಕಾಯಿದಾ ಕಲಿಸಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಸೇ, ಸೀನ್, ಸ್ವಾದ್ ಮೂರನ್ನೂ ಬೇರೆ ಬೇರೆಯಾಗಿ ಕೇಳಿಸದ ಪೆಟ್ಟಿಗೆಯಲ್ಲಿ ಒಳ್ಳೆಯ ಕಾರಿಯ ಪಾರಾಯಣವೂ ಮಂಕಾಗುತ್ತದೆ. ಬೇಸ್ ಹೆಚ್ಚಿಸಿದರೆ ಆ ಸೂಕ್ಷ್ಮ ಇನ್ನಷ್ಟು ಮುಚ್ಚಿಹೋಗುತ್ತದೆ.

ಹಾಗಾದರೆ ಟ್ರಾನ್ಸಿಸ್ಟರಿನಲ್ಲಿ ದಾದಿಗೆ ವಾರ್ತೆ ತಿಳಿದದ್ದು ಹೇಗೆ? ಅದು ತೋಳಿನಳತೆಯಲ್ಲಿತ್ತು, ಅದರಲ್ಲಿ ಗುಡುಗು ಇರಲಿಲ್ಲ. ಬಯಲಿನಲ್ಲಾದರೆ ದೂರ ಅರ್ಧವಾದಾಗ ಧ್ವನಿ ಸುಮಾರು 6 ಡೆಸಿಬೆಲ್ ಹೆಚ್ಚುತ್ತದೆ. ಕೋಣೆಯೊಳಗೆ ಲಾಭ ಅಷ್ಟಿಲ್ಲದಿದ್ದರೂ, ಗೋಡೆಗೆ ಬಡಿದು ಬರುವ ಸದ್ದಿಗಿಂತ ನೇರವಾಗಿ ಬರುವ ಮಾತು ಮುಂದಾಗುತ್ತದೆ.

ಈ ಗೋಡೆಯ ವಿಷಯ ನೋಡಬೇಕಾದರೆ ವಿಜಯಪುರಕ್ಕೆ ಹೋಗಬೇಕು. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್‌ಶಾಹನ ಸಮಾಧಿ ಗೋಲಗುಂಬಜಿನಲ್ಲಿ, ಗುಮ್ಮಟದ ಒಳಸುತ್ತಿನ ಮೊಗಸಾಲೆಯ ಒಂದು ಬದಿಯಲ್ಲಿ ಪಿಸುಗುಟ್ಟಿದರೆ ಎದುರು ಬದಿಯಲ್ಲಿ ಕೇಳುತ್ತದೆ. ಒಮ್ಮೆ ಚಪ್ಪಾಳೆ ತಟ್ಟಿದರೆ ಹಲವು ಸಲ ಮರುಧ್ವನಿ ಬರುತ್ತದೆ. ನೋಡಲು ಬಂದವರಿಗೆ ಅದು ವಿಸ್ಮಯ. ಆದರೆ ಶಾಲೆಯ ಮಕ್ಕಳ ಗುಂಪೊಂದು ಅಲ್ಲಿ ಒಟ್ಟಿಗೆ ಕೂಗಿದಾಗ ಯಾರ ಮಾತೂ ಯಾರಿಗೂ ತಿಳಿಯುವುದಿಲ್ಲ. ಒಂದು ಪದದ ಬಾಲ ಮುಂದಿನ ಪದದ ಮೇಲೆ ಬೀಳುತ್ತದೆ. ನಮ್ಮ ಹೊಸ ಆರ್.ಸಿ.ಸಿ. ಮನೆಗಳು ಚಿಕ್ಕ ಪ್ರಮಾಣದಲ್ಲಿ ಇದೇ ಕೆಲಸ ಮಾಡುತ್ತವೆ. ನೆಲಕ್ಕೆ ನುಣುಪು ಟೈಲ್ಸ್, ಬೋಳು ಗೋಡೆ, ಗಾಜಿನ ಕಿಟಕಿ. ಸದ್ದಿಗೆ ಹೀರಿಕೊಳ್ಳುವ ಜಾಗವೇ ಇಲ್ಲ. ಹಳೆಯ ಹೆಂಚಿನ ಮನೆಯಲ್ಲಿ ಸಂದುಗಳಿಂದ ಸದ್ದು ಹೊರಗೆ ಹೋಗುತ್ತಿತ್ತು, ಚಾಪೆ ಕಂಬಳಿಗಳು ಒಂದಷ್ಟು ನುಂಗುತ್ತಿದ್ದವು. ನಿಮ್ಮ ಹಾಲ್‌ನಲ್ಲಿ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ. ‘ಟಣ್’ ಎಂಬ ಬಾಲ ಕೇಳಿದರೆ ದಪ್ಪ ಪರದೆ ಇಳಿಬಿಡಿ, ಜಮಖಾನೆ ಹಾಸಿ.

ಅಂತರಘಟ್ಟೆಯ ಆ ಮನೆಯಲ್ಲಿ ಮಾಡಿದ್ದೂ ಇಷ್ಟೇ. ಮಧ್ಯದ ಸ್ಪೀಕರನ್ನು ಜಾಗವಿಲ್ಲವೆಂದು ಬೀರುವಿನ ಮೇಲೆ ಇಟ್ಟಿದ್ದರು. ಅದನ್ನು ಇಳಿಸಿ ಟಿ.ವಿ.ಯ ಕೆಳಗೆ, ಕೂತವರ ಕಿವಿಯ ಕಡೆಗೆ ಮುಖಮಾಡಿ ಇಟ್ಟೆವು. ಸಬ್‌ವೂಫರ್ ಮೂಲೆಯಲ್ಲಿತ್ತು. ಮೂಲೆಯಲ್ಲಿಟ್ಟರೆ ಗುಡುಗು ಹೆಚ್ಚು, ಹಾಗಾಗಿ ಹೊರಕ್ಕೆ ಸರಿಸಿದೆವು. ರಿಸೀವರಿನ ಮೆನುವಿನಲ್ಲಿ ಮಧ್ಯದ ಸ್ಪೀಕರಿನ ಮಟ್ಟ ಏರಿಸಿ ಬೇಸ್ ಇಳಿಸಿದೆವು. ದಾದಿಯ ಕುರ್ಚಿಯನ್ನು ಮುಂದಕ್ಕೆ ತಂದೆವು. ಮೂರನೆಯ ಪಟ್ಟಿಯಲ್ಲಿ ಹತ್ತಕ್ಕೆ ಎಂಟು ಸರಿ ಬಂತು. ಒಂದು ಪೈಸೆ ಖರ್ಚಾಗಲಿಲ್ಲ. ಹೊಸ ರಿಸೀವರ್ ವ್ಯರ್ಥವೂ ಆಗಲಿಲ್ಲ. ಮಾತನ್ನು ಪ್ರತ್ಯೇಕವಾಗಿ ಏರಿಸುವ ಅನುಕೂಲ ಹಳೆಯದರಲ್ಲಿ ಇರಲಿಲ್ಲ.

ನೀವು ಹೊಸದು ಕೊಳ್ಳುವ ಮುಂಚೆ ಇನ್ನೆರಡು ಸಂಗತಿ ನೋಡಿಕೊಳ್ಳಿ. ಸ್ಪೀಕರಿನ ಕೆಂಪು ತುದಿಗೆ ಕೆಂಪು, ಕಪ್ಪಿಗೆ ಕಪ್ಪು ತಂತಿ ಸೇರಿದೆಯೇ? ಒಂದು ಸ್ಪೀಕರಿನಲ್ಲಿ ಮಾತ್ರ ಅದಲುಬದಲಾದರೆ ಬೇಸ್ ಸೊರಗುತ್ತದೆ, ನಡುವಿನಿಂದ ಬರಬೇಕಾದ ಮಾತು ಚದುರಿಹೋಗುತ್ತದೆ. ತಂತಿ ಮುಟ್ಟುವ ಮುನ್ನ ಸ್ವಿಚ್ ಆರಿಸಿ. ಎರಡನೆಯದು, ಟಿ.ವಿ.ಯ ಧ್ವನಿ ಸೆಟ್ಟಿಂಗಿನಲ್ಲಿ ‘ಪಿ.ಸಿ.ಎಂ.’ ಎಂದಿದ್ದರೆ ಅನೇಕ ಟಿ.ವಿ.ಗಳು ಎರಡೇ ದಾರಿಯ ಧ್ವನಿ ಕಳುಹಿಸುತ್ತವೆ. ‘ಬಿಟ್‌ಸ್ಟ್ರೀಮ್’ ಅಥವಾ ‘ಡಾಲ್ಬಿ ಡಿಜಿಟಲ್’ ಆರಿಸಿದರೆ, 5.1ರಲ್ಲಿ ಮುದ್ರಿಸಿದ ಕಾರ್ಯಕ್ರಮ ಐದೂ ಸ್ಪೀಕರಿಗೆ ಹಂಚಿಕೆಯಾಗಿ ಬರುತ್ತದೆ.

ನೆರೆಮನೆಯವರ ಹಕ್ಕನ್ನೂ ಮರೆಯಬಾರದು. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ 45 ಡೆಸಿಬೆಲ್ ಮಿತಿ. ಸಬ್‌ವೂಫರಿನ ಕೆಳಸ್ವರ ಗೋಡೆ ದಾಟುವುದರಲ್ಲಿ ಎಲ್ಲಕ್ಕಿಂತ ಮುಂದು. ನಿಮಗೆ ಹಿತವಾದ ಗುಡುಗು ಪಕ್ಕದ ಮನೆಯ ತೊಟ್ಟಿಲನ್ನು ನಡುಗಿಸುತ್ತಿರಬಹುದು. ರಿಸೀವರಿನಲ್ಲಿ ‘ನೈಟ್ ಮೋಡ್’ ಇದ್ದರೆ ಬಳಸಿ. ಅದು ಸ್ಫೋಟದ ಸದ್ದನ್ನು ತಗ್ಗಿಸಿ ಮೆಲುದನಿಯನ್ನು ಎತ್ತುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ಮನೆಯ ಹಿರಿಯರಿಗೆ ಪದಗಳು ತಿಳಿಯದಿದ್ದರೆ ದೋಷ ಪೆಟ್ಟಿಗೆಯದಲ್ಲ. ಕಿವಿ, ಮೂಗು, ಗಂಟಲಿನ ವೈದ್ಯರಿಗೆ ತೋರಿಸಿ, ಶ್ರವಣ ಪರೀಕ್ಷೆ ಮಾಡಿಸಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ 1960ರ ದಶಕದಿಂದ ಇದೇ ಕೆಲಸ ಮಾಡುತ್ತಿದೆ. ಅಂತರಘಟ್ಟೆಯ ದಾದಿಯನ್ನೂ ಪರೀಕ್ಷೆಗೆ ಕರೆದುಕೊಂಡು ಹೋದರು. ಅವರಿಗೆ ಮರೆವು ಇರಲಿಲ್ಲ. ಕೇಳಿಸದೇ ಹೋದ ಮಾತಿಗೆ ಉತ್ತರ ಕೊಡದೆ ಸುಮ್ಮನಿರುತ್ತಿದ್ದರು, ಅಷ್ಟೇ.

ಆದ್ದರಿಂದ ಮುಂದಿನ ಸಲ ಮನೆಗೆ ಹೊಸ ಪೆಟ್ಟಿಗೆ ಬಂದಾಗ, ಎಲ್ಲರಿಗಿಂತ ಹಿರಿಯರನ್ನು ಮುಂದೆ ಕೂರಿಸಿ, ವಾರ್ತೆ ಹಾಕಿ, ‘ಏನು ಹೇಳಿದರು?’ ಎಂದು ಕೇಳಿ. ‘ಚೆನ್ನಾಗಿದೆಯೇ?’ ಎಂದು ಕೇಳಬೇಡಿ. ಆ ಪ್ರಶ್ನೆಗೆ ಅವರು ನಿಮ್ಮ ಮನಸ್ಸು ನೋಯದಂತೆ ‘ಹೌದು’ ಎಂದೇ ಹೇಳುತ್ತಾರೆ.