ಪಹಣಿ ಓದಲು ಕಲಿಯೋಣ

ಮಗಳ ಮದುವೆಗೆ ಒಂದಿಷ್ಟು, ಕಾಯಿಲೆಗೆ ಒಂದಿಷ್ಟು ಸಾಲ. ಕೊಟ್ಟ ಧಣಿ ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡ. ಅದು ಸಾಲದ ಪತ್ರವೋ ಕ್ರಯಪತ್ರವೋ ಓದಿ ಹೇಳುವವರು ಕೇರಿಯಲ್ಲಿ ಇರಲಿಲ್ಲ. ಸರ್ಕಾರ ದರಖಾಸ್ತಿನಲ್ಲಿ ಕೊಟ್ಟ ಭೂಮಿ ಎಷ್ಟೋ ಊರುಗಳಲ್ಲಿ ಹೀಗೇ ಹೋಯಿತು. ತಮ್ಮದೇ ಹೊಲಕ್ಕೆ ನಮ್ಮವರು ಕೂಲಿಗಳಾದರು.

ಕಾನೂನು ಇಲ್ಲವೇ? ಇದೆ. 1978ರ ಪಿ.ಟಿ.ಸಿ.ಎಲ್. ಕಾಯ್ದೆ 1979ರ ಜನವರಿ 1ರಿಂದ ಜಾರಿಯಲ್ಲಿದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಪೂರ್ವಾನುಮತಿ ಇಲ್ಲದೆ ಮಾರುವಂತಿಲ್ಲ, ಭೋಗ್ಯಕ್ಕೆ ಹಾಕುವಂತಿಲ್ಲ, ಗುತ್ತಿಗೆಗೆ ಕೊಡುವಂತಿಲ್ಲ, ಕ್ರಯದ ಕರಾರೂ ಮಾಡುವಂತಿಲ್ಲ. ಕಾಯ್ದೆಗೆ ಮುಂಚಿನ ಮಾರಾಟವೂ ಮಂಜೂರಾತಿಯ ಷರತ್ತು ಮುರಿದಿದ್ದರೆ ಅಸಿಂಧು. ಆದರೆ ತೋಟಿ, ತಳವಾರಿಕೆಯಂಥ ವಂಶಪಾರಂಪರ್ಯ ಹುದ್ದೆಯ ಇನಾಂ ಜಮೀನಿಗೆ ಈ ಕಾಯ್ದೆ ತಾಗದು. ಅದಕ್ಕೆ ಬೇರೆ ಕಾನೂನು.

'ರಿಜಿಸ್ಟರ್ ಆಗೋಗಿದೆ, ಇನ್ನೇನು ಮಾಡ್ತೀರಿ' ಅಂತ ಹೆದರಿಸುತ್ತಾರೆ. ಅಸಿಂಧುವಾದದ್ದು ರಿಜಿಸ್ಟರ್ ಆದ ಮಾತ್ರಕ್ಕೆ ಸಿಂಧುವಾಗದು. ಸಬ್ ರಿಜಿಸ್ಟ್ರಾರರಿಗೆ ಕೊಟ್ಟ ಪಟ್ಟಿಯಲ್ಲಿರುವ ಮಂಜೂರಾತಿ ಜಮೀನನ್ನು ಕಾಯ್ದೆ ಮೀರಿ ನೋಂದಾಯಿಸಕೂಡದು ಅಂತ 6ನೇ ಕಲಂ ಹೇಳುತ್ತದೆ. ಆ ಪಟ್ಟಿಯಲ್ಲಿ ನಮ್ಮ ಸರ್ವೆ ನಂಬರು ಇದೆಯೇ ಅಂತ ವಿಚಾರಿಸಿದವರು ಎಷ್ಟು ಮಂದಿ?

ಕಳೆದ ಭೂಮಿಗೆ ಉಪವಿಭಾಗಾಧಿಕಾರಿಗೆ, ಅಂದರೆ ಎ.ಸಿ.ಗೆ ಅರ್ಜಿ ಕೊಡಬೇಕು. ಅಲ್ಲಿ ಸೋತರೆ ಡಿ.ಸಿ.ಗೆ ಮೇಲ್ಮನವಿ. ಮಂಜೂರಾತಿ ಜಮೀನು ಬೇರೆಯವರ ಕೈಲಿದ್ದರೆ ಅದು ಅಸಿಂಧು ಪರಭಾರೆಯಿಂದಲೇ ಬಂದದ್ದು ಅಂತ ಕಾಯ್ದೆ ಭಾವಿಸುತ್ತದೆ. ಅಲ್ಲ ಅಂತ ರುಜುವಾತು ಮಾಡುವ ಹೊರೆ ಅವರದು. ಭೂಮಿ ಕೊಂಡವರು ಸುಪ್ರೀಂ ಕೋರ್ಟಿನವರೆಗೂ ಹೋದರು. 1984ರಲ್ಲಿ ಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು.

ಆದರೆ 2017ರಲ್ಲಿ ಅದೇ ಕೋರ್ಟು, ವಿಪರೀತ ತಡವಾಗಿ ಬಂದ ಅರ್ಜಿ ನಡೆಯದು ಅಂದಿತು. ಆ ತೀರ್ಪು ಹಿಡಿದು ಎಷ್ಟೋ ಅರ್ಜಿಗಳನ್ನು ತಳ್ಳಿಹಾಕಿದರು. ಬಡವರಿಗೆ ತಡವಾದದ್ದು ಯಾಕೆ? ಅಕ್ಷರ ತಡವಾಗಿ ಬಂತು, ಅದಕ್ಕೆ! 2023ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದು ಕಾಲಮಿತಿ ಇಲ್ಲ ಅಂತ ಬರೆದರು. ಹಾಗಂತ ಮೈಮರೆಯಬಾರದು. ತಡದ ಪ್ರಶ್ನೆ ಕೋರ್ಟುಗಳಲ್ಲಿ ಆಮೇಲೂ ಎದ್ದಿದೆ.

ಹಾಸ್ಟೆಲಿನ ಗೆಳೆಯರೇ, ರಜೆಗೆ ಊರಿಗೆ ಹೋದಾಗ ಅಜ್ಜಿಯ ಟ್ರಂಕು ತೆಗೆಸಿ. ಸಾಗುವಳಿ ಚೀಟಿ ಇದ್ದರೆ ಅದರ ಷರತ್ತು ಓದಿ. ಇಲ್ಲದಿದ್ದರೆ ತಾಲೂಕು ಕಚೇರಿಯಲ್ಲಿ ಮಂಜೂರಾತಿ ದಾಖಲೆಯ ನಕಲು ಕೇಳಿ. ಪಹಣಿಯಲ್ಲಿ ಯಾರ ಹೆಸರಿದೆ, ಯಾವ ಮ್ಯುಟೇಶನ್ನಿಂದ ಬಂತು, ನೋಡಿ. ಕೊಟ್ಟ ಅರ್ಜಿಗೆಲ್ಲ ಸ್ವೀಕೃತಿ ಪಡೆಯಿರಿ. ದಲ್ಲಾಳಿ ಕೈಗೆ ಅಸಲು ಕಾಗದ ಕೊಡಬೇಡಿ.

ವಾಪಸು ಬರುವಾಗ ಒಬ್ಬೊಬ್ಬರೂ ತಮ್ಮ ಕೇರಿಯ ಸರ್ವೆ ನಂಬರುಗಳ ಪಟ್ಟಿ ತನ್ನಿ. ಕೂತು ಅರ್ಜಿ ಬರೆಯೋಣ.