ಗುಠಿಯಿಂದ ಟೇವಾದವರೆಗೆ: ಕೊಡುವ ಕೈಗಳ ವಿಚಾರ



ಒಂದು ಬಡ ನಾಡಿನ ಜನರು ತಮ್ಮ ಊರಿನ ಒಳಿತಿಗಾಗಿ ತಾವೇ ನಡೆಸುವ ಸಮುದಾಯ ಪ್ರತಿಷ್ಠಾನವೊಂದನ್ನು ಕಟ್ಟಲು ಹೊರಟರೆ ಮೊದಲು ಅರಸಬೇಕಾದುದು ಏನನ್ನು? ದೊಡ್ಡ ಮೂಲಧನವನ್ನು ಎಂಬುದು ಸಾಮಾನ್ಯವಾಗಿ ಕೇಳಿಬರುವ ಉತ್ತರ. ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದಲ್ಲಿ 1914ರಲ್ಲಿ ಫ್ರೆಡರಿಕ್ ಗಾಫ್ ಎಂಬ ಬ್ಯಾಂಕಿನ ಮುಖ್ಯಸ್ಥರು ಈ ಬಗೆಯ ಮೊದಲ ಪ್ರತಿಷ್ಠಾನವನ್ನು ಸ್ಥಾಪಿಸಿದಾಗ ಇದ್ದ ಕ್ರಮವೂ ಅದೇ. ಸಿರಿವಂತರು ಬಿಟ್ಟುಹೋದ ಆಸ್ತಿಗಳನ್ನು ಒಂದೆಡೆ ಕೂಡಿಸಿ, ಅದರಿಂದ ಹುಟ್ಟುವ ಆದಾಯವನ್ನು ಊರಿನ ಅಗತ್ಯಗಳಿಗೆ ವಿನಿಯೋಗಿಸುವುದು ಅವರ ಯೋಜನೆಯಾಗಿತ್ತು. ಆ ನಾಡಿಗೆ ಅದು ಒಪ್ಪಿತು. ಆದರೆ ಅದೇ ಮಾದರಿಯನ್ನು ಬಡ ದೇಶಕ್ಕೆ ಒಯ್ದು ನೆಟ್ಟರೆ ಮೂಲಧನ ನೀಡುವವರು ಪರದೇಶದವರಾಗುತ್ತಾರೆ, ನೀಡಿದವರ ಇಚ್ಛೆಯೇ ನಿಯಮವಾಗುತ್ತದೆ, ಊರಿನವರು ತಮ್ಮ ಊರಿನಲ್ಲಿಯೇ ಅರ್ಜಿದಾರರಾಗಿ ನಿಲ್ಲುತ್ತಾರೆ. ಆದುದರಿಂದ ಹಣದ ಮೊತ್ತಕ್ಕಿಂತ ಮೊದಲು ಕೊಡುವವರ ಸಂಖ್ಯೆಯನ್ನು ನೋಡಬೇಕೆಂಬುದು ಈ ಲೇಖಕನ ಅಭಿಪ್ರಾಯ. ಅದಕ್ಕೆ ನೇಪಾಳ ದೇಶದ ನಿದರ್ಶನವನ್ನು ತೆಗೆದುಕೊಳ್ಳೋಣ.

ನೇಪಾಳವು ನಮ್ಮ ಓದುಗರಿಗೆ ತೀರ ಅಪರಿಚಿತ ನಾಡೇನೂ ಅಲ್ಲ. ಭಕ್ತಪುರದಲ್ಲಿ ಜಂಗಮ ಮಠವೊಂದಿದೆ. ಪಶುಪತಿನಾಥನ ಗರ್ಭಗುಡಿಯಲ್ಲಿ ಪೂಜೆ ಸಲ್ಲಿಸುವ ಭಟ್ಟರು ಕರ್ನಾಟಕ ಮೂಲದವರು. 2009ರಲ್ಲಿ ಅವರ ನೇಮಕಾತಿಯ ವಿಷಯವಾಗಿ ಅಲ್ಲಿ ದೊಡ್ಡ ವಿವಾದವೇ ಎದ್ದಿದ್ದುದು ಹಲವರಿಗೆ ನೆನಪಿರಬಹುದು. ಇನ್ನು ಬೆಂಗಳೂರಿನ ಬಡಾವಣೆಗಳಲ್ಲಿ ರಾತ್ರಿಯ ಕಾವಲು ಕಾಯುವ, ಹೋಟೆಲುಗಳಲ್ಲಿ ದುಡಿಯುವ ನೇಪಾಳದ ಮಕ್ಕಳನ್ನು ಕಾಣದವರಾರು?

ಆ ದೇಶದ ಕಠ್ಮಂಡು ಕಣಿವೆಯಲ್ಲಿ, ವಿಶೇಷವಾಗಿ ನೇವಾರ ಜನಾಂಗದಲ್ಲಿ, ‘ಗುಠಿ’ ಎಂಬ ವ್ಯವಸ್ಥೆ ಇದೆ. ‘ಗೋಷ್ಠಿ’ ಎಂಬ ಸಂಸ್ಕೃತ ಶಬ್ದದಿಂದ ಈ ಪದ ಬಂದಿದೆಯೆಂದು ವಿದ್ವಾಂಸರು ಹೇಳುತ್ತಾರೆ. ಲಿಚ್ಛವಿ ಅರಸರ ಕಾಲದ ಶಾಸನಗಳಲ್ಲಿಯೇ ಗೋಷ್ಠಿಗಳ ಉಲ್ಲೇಖವಿದೆ. ನಮ್ಮಲ್ಲಿ ಗೋಷ್ಠಿಯೆಂದರೆ ಈಗ ಉಳಿದಿರುವುದು ವಿಚಾರಗೋಷ್ಠಿ, ಕವಿಗೋಷ್ಠಿಗಳು ಮಾತ್ರ. ಅಲ್ಲಿಯಾದರೋ ಅದು ಹೊಲ, ಗದ್ದೆ, ಧಾನ್ಯ, ದೀಪದ ಎಣ್ಣೆಗಳ ಲೆಕ್ಕವಾಗಿ ಸಾವಿರಕ್ಕೂ ಮಿಕ್ಕಿದ ವರ್ಷಗಳಿಂದ ಉಳಿದುಬಂದಿದೆ. ಗುಠಿಗೆ ಒಬ್ಬ ಅರಸನೋ ಒಂದು ಮನೆತನವೋ ಭೂಮಿಯನ್ನು ಬಿಟ್ಟುಕೊಡುತ್ತದೆ. ಒಕ್ಕಲು ಆ ಭೂಮಿಯನ್ನು ಉಳುತ್ತಾನೆ. ಬಂದ ಹುಟ್ಟುವಳಿಯಿಂದ ಗುಡಿಯ ದೀಪ, ಜಾತ್ರೆಯ ರಥ, ದಾರಿಹೋಕರ ತಂಗುದಾಣದ ಸೂರು, ಕಲ್ಲಿನ ಮಕರಮುಖದಿಂದ ನೀರು ಸುರಿಯುವ ‘ಧುಂಗೆ ಧಾರಾ’ಗಳ ಹೂಳೆತ್ತುವಿಕೆ ಇವೆಲ್ಲ ನಡೆಯುತ್ತವೆ. ಸತ್ತವರ ಅಂತ್ಯಕ್ರಿಯೆಯನ್ನು ನೆರವೇರಿಸುವುದಕ್ಕೆಂದೇ ‘ಸೀ ಗುಠಿ’ಗಳಿವೆ, ಮನೆಯಲ್ಲಿ ಸಾವಾದ ದಿನ ಕಟ್ಟಿಗೆ ಯಾರು ತರಬೇಕು, ಹೆಣ ಯಾರು ಹೊರಬೇಕು ಎಂದು ದುಃಖದಲ್ಲಿರುವವರು ಕೇಳಬೇಕಾಗಿಲ್ಲ. ಹಿರಿಯನಾದ ‘ಥಕಾಲಿ’ ಮುಖ್ಯಸ್ಥನಾಗಿರುತ್ತಾನಾದರೂ ವರ್ಷದ ಹೊಣೆ ಮನೆಯಿಂದ ಮನೆಗೆ ಸರದಿಯಂತೆ ಸಾಗುತ್ತದೆ. ಈ ಸರದಿಗೆ ನೇಪಾಳಿಯಲ್ಲಿ ‘ಪಾಲೋ’ ಎನ್ನುತ್ತಾರೆ; ನಮ್ಮ ‘ಪಾಳಿ’ ಎಂಬ ಮಾತು ಇದರ ಪಕ್ಕದಲ್ಲಿಯೇ ನಿಲ್ಲುವುದನ್ನು ಕಂಡಾಗ ಭಾಷೆಯ ವಿದ್ಯಾರ್ಥಿಗಾದರೂ ಸಂತೋಷವಾಗದಿರದು. ನಮ್ಮ ದತ್ತಿಶಾಸನಗಳ ತುದಿಯಲ್ಲಿ ಬರುವಂತೆ ಅಲ್ಲಿಯ ಶಿಲಾಲೇಖಗಳಲ್ಲಿಯೂ ಗುಠಿಯ ಸೊತ್ತನ್ನು ಕಬಳಿಸಿದವನಿಗೆ ಶಾಪಾಶಯ ಉಂಟು.

ಹೊರಗಿನವರು ‘ಸ್ಥಳೀಯ ನಾಯಕತ್ವದ ಸಂಸ್ಥೆ’ಯನ್ನು ಕಟ್ಟಿಕೊಡುತ್ತೇವೆಂದು ಬರುವ ಎಷ್ಟೋ ಶತಮಾನಗಳ ಮುನ್ನವೇ ಅದು ಆ ನೆಲದಲ್ಲಿ ಇತ್ತೆಂಬುದಕ್ಕೆ ಇಷ್ಟು ಸಾಕು. ಹಾಗೆಂದು ಗುಠಿಯನ್ನು ದೋಷರಹಿತವೆಂದು ಕೊಂಡಾಡುವುದೂ ಸರಿಯಲ್ಲ. ಅನೇಕ ಗುಠಿಗಳು ಒಂದೇ ಕುಲ, ಒಂದೇ ಜಾತಿಗೆ ಸೀಮಿತವಾಗಿದ್ದವು. ಹೆಣ್ಣುಮಕ್ಕಳಿಗೆ ಅಡುಗೆಯ ಮತ್ತು ಪೂಜೆಯ ಸಿದ್ಧತೆಯ ಶ್ರಮವಿತ್ತೇ ಹೊರತು ಸದಸ್ಯತ್ವ ಬಹುಮಟ್ಟಿಗೆ ಗಂಡಸರದೇ ಆಗಿತ್ತು. ಸರದಿ ಬಂದ ಮನೆಯವರು ಎಲ್ಲರಿಗೂ ಔತಣವಿಕ್ಕಬೇಕಾಗಿದ್ದುದರಿಂದ ಬಡಕುಟುಂಬಗಳು ಸಾಲಕ್ಕೆ ಬೀಳುತ್ತಿದ್ದವು, ಕೆಲವರು ಗುಠಿಯನ್ನೇ ತೊರೆದರು. ಇದು ಒಳಗಿನ ರೋಗ.

ಹೊರಗಿನ ಪೆಟ್ಟು ಬಿದ್ದುದು 1964ರಲ್ಲಿ. ಆ ವರ್ಷ ನೇಪಾಳ ಸರಕಾರವು ‘ಗುಠಿ ಸಂಸ್ಥಾನ’ವನ್ನು ರಚಿಸಿ ಅರಸರು ಬಿಟ್ಟಿದ್ದ ರಾಜಗುಠಿಗಳ ಭೂಮಿಯನ್ನು ಅದರ ಅಧೀನಕ್ಕೆ ಒಪ್ಪಿಸಿತು. ಉದ್ದೇಶ ಸುವ್ಯವಸ್ಥೆಯದೇ ಇದ್ದಿರಬೇಕು. ಆದರೆ ಕಾಳಿನ ರೂಪದಲ್ಲಿ ಬರುತ್ತಿದ್ದ ಗೇಣಿ ಎಷ್ಟೋ ಕಡೆ ನಿಗದಿತ ನಗದಿಗೆ ಇಳಿಯಿತು, ಬೆಲೆಗಳು ಏರಿದಂತೆ ಆ ನಗದು ನಿಷ್ಪ್ರಯೋಜಕವಾಯಿತು, ಭೂಮಿ ಪರರ ಪಾಲಾಯಿತು, ತಂಗುದಾಣಗಳ ಸೂರು ಸೋರತೊಡಗಿತು. ಸೋರುವ ಸೂರನ್ನು ನೋಡಿದ ಊರಿನವನು ‘ಅದು ಸಂಸ್ಥಾನದ ಕೆಲಸ’ ಎಂದು ಮುಂದೆ ನಡೆದನು. ಭೂಮಿ ಹೋದುದಕ್ಕಿಂತ ಈ ಮಾತು ಹುಟ್ಟಿದ್ದೇ ಹೆಚ್ಚಿನ ನಷ್ಟವೆಂದು ನನಗೆ ತೋರುತ್ತದೆ.

ಆದರೂ ಬೇರು ಸತ್ತಿರಲಿಲ್ಲ. ಖಾಸಗಿ ಗುಠಿಗಳನ್ನೂ ಸರಕಾರಿ ಪ್ರಾಧಿಕಾರದ ಅಡಿಗೆ ತರುವಂಥ ಮಸೂದೆಯೊಂದು 2019ರಲ್ಲಿ ಮಂಡಿತವಾದಾಗ ಕಣಿವೆಯ ಜನ ಬೀದಿಗಿಳಿದರು. ಜೂನ್ ತಿಂಗಳಲ್ಲಿ ಪೊಲೀಸರು ಜಲಫಿರಂಗಿ ಹಾರಿಸಿದ ಮೇಲಂತೂ ಪ್ರತಿಭಟನೆ ಇಮ್ಮಡಿಯಾಗಿ, ಮೈತಿಘರ್ ಎಂಬಲ್ಲಿ ಹತ್ತಾರು ಸಾವಿರ ಜನ ತಮ್ಮ ಜಾತ್ರೆಯ ವಾದ್ಯಗಳೊಂದಿಗೆ ನೆರೆದರು. ಸರಕಾರ ಮಸೂದೆಯನ್ನು ಹಿಂತೆಗೆದುಕೊಂಡಿತು. ಪರದೇಶದ ಹಣದಿಂದ ಕಟ್ಟಿದ ಸಂಸ್ಥೆಯನ್ನು ಮುಚ್ಚುತ್ತೇವೆಂದರೆ ಇಷ್ಟು ಜನ ಸೇರುವರೇ? ಅಲ್ಲಿಯ ನೌಕರರಾದರೂ ಸೇರಿಯಾರು.

ಈ ನಡುವೆ ನೇಪಾಳವು ವಿದೇಶೀ ನೆರವಿನ ದೇಶವಾಗಿ ಬೆಳೆದಿತ್ತು. 1990ರಲ್ಲಿ ಪ್ರಜಾಪ್ರಭುತ್ವ ಮರಳಿದ ಬಳಿಕ ಸ್ವಯಂಸೇವಾ ಸಂಸ್ಥೆಗಳು ಅಣಬೆಗಳಂತೆ ಎದ್ದವು. ಹೊರಗಿನ ಹಣಕ್ಕೆ ಸಮಾಜ ಕಲ್ಯಾಣ ಪರಿಷತ್ತಿನ ಒಪ್ಪಿಗೆ ಬೇಕೆಂಬ ಕಾಯಿದೆ 1992ರಲ್ಲಿ ಬಂದಿತು. ಆದರೆ ಯಾವ ಹಳ್ಳಿಗೆ ಏನು ಬೇಕೆಂಬುದನ್ನು ಹಣ ಕೊಡುವ ದೂರದ ರಾಜಧಾನಿಗಳೇ ಬಹುಪಾಲು ನಿಶ್ಚಯಿಸಿದವು. ಇದರ ಅಪಾಯ 2015ರ ಏಪ್ರಿಲ್ 25ರ ಭೂಕಂಪದ ನಂತರ ಕಣ್ಣಿಗೆ ಕಟ್ಟುವಂತಾಯಿತು. 7.8 ಪ್ರಮಾಣದ ಆ ಕಂಪನದಲ್ಲಿ ಸುಮಾರು 9,000 ಜನ ಮಡಿದರು. ಎರಡು ತಿಂಗಳಲ್ಲಿ ಕಠ್ಮಂಡುವಿನಲ್ಲಿ ಸೇರಿದ ದಾನಿ ರಾಷ್ಟ್ರಗಳು ಸುಮಾರು 440 ಕೋಟಿ ಡಾಲರುಗಳ ವಾಗ್ದಾನ ಮಾಡಿದವು. ನಮ್ಮ ಭಾರತವೇ 100 ಕೋಟಿ ಡಾಲರುಗಳ ಮಾತು ಕೊಟ್ಟಿತು. ಆದರೆ ಪುನರ್ನಿರ್ಮಾಣ ಪ್ರಾಧಿಕಾರಕ್ಕೆ ಮುಖ್ಯಾಧಿಕಾರಿ ಕುಳಿತು ಕೆಲಸ ಆರಂಭವಾಗುವ ಹೊತ್ತಿಗೆ ಡಿಸೆಂಬರ್ ತಿಂಗಳು ಬಂದಿತ್ತು. ಮಳೆಗಾಲವನ್ನು ತಗಡಿನ ಕೆಳಗೆ ಕಳೆದ ಜನ ಹಿಮಾಲಯದ ಚಳಿಗಾಲವನ್ನೂ ಅದರ ಕೆಳಗೇ ಎದುರಿಸಬೇಕಾಯಿತು. ಇನ್ನು 2025ರ ಜನವರಿ 20ರಂದು ಅಮೆರಿಕದ ಅಧ್ಯಕ್ಷರು ವಿದೇಶೀ ನೆರವನ್ನು ತಡೆಹಿಡಿಯುವ ಆಜ್ಞೆಗೆ ಸಹಿ ಹಾಕಿದರು. ಜುಲೈ 1ರ ಹೊತ್ತಿಗೆ ‘ಯುಎಸ್‌ಏಡ್’ ಎಂಬ ಆ ದೇಶದ ನೆರವಿನ ಸಂಸ್ಥೆಯೇ ಬಾಗಿಲು ಹಾಕಿತು. ನೇಪಾಳದಲ್ಲಿ ಆರೋಗ್ಯ, ಕೃಷಿ, ಶಿಕ್ಷಣದ ಕಾರ್ಯಕ್ರಮಗಳು ನಡುದಾರಿಯಲ್ಲಿ ನಿಂತವು. ಆ ನಿರ್ಧಾರ ಕೈಗೊಂಡವರಲ್ಲಿ ಯಾರೂ ನೇಪಾಳದ ಹಳ್ಳಿಯವರಿಗೆ ಉತ್ತರ ಹೇಳಬೇಕಾದವರಲ್ಲ.

ಇಂಥ ಸನ್ನಿವೇಶದಲ್ಲಿ ‘ಟೇವಾ’ ಎಂಬ ಸಂಸ್ಥೆಯ ಕಥೆ ಮನನೀಯವಾದುದು. ನೇಪಾಳಿಯಲ್ಲಿ ಟೇವಾ ಎಂದರೆ ಆಸರೆ. ಗೊನೆ ಬಿಟ್ಟ ಬಾಳೆಗೆ ಕೊಡುವ ಕೋಲಿನಂಥದು ಎಂದು ತಿಳಿಯಬಹುದು. ರೀತಾ ಥಾಪಾ ಎಂಬ ಮಹಿಳೆ 1995ರಲ್ಲಿ ಇದಕ್ಕೆ ಅಡಿಗಲ್ಲಿಟ್ಟರು. ಗ್ರಾಮೀಣ ಮಹಿಳೆಯರ ಗುಂಪುಗಳಿಗೆ ಚಿಕ್ಕ ಮೊತ್ತದ ನೆರವು ನೀಡುವುದು ಅದರ ಕಾರ್ಯ. ಇಷ್ಟೇ ಆಗಿದ್ದರೆ ಬರೆಯುವ ಅಗತ್ಯವಿರಲಿಲ್ಲ. ಹಳ್ಳಿಯ ಹೆಣ್ಣುಮಕ್ಕಳಿಗೆ ಕೊಡುವ ನೆರವಿನ ಹಣ ನೇಪಾಳದ ಜನರಿಂದಲೇ ಬರಬೇಕು ಎಂಬ ನಿಯಮವನ್ನು ಅವರು ತಮಗೆ ತಾವೇ ವಿಧಿಸಿಕೊಂಡರು. ಪರದೇಶದ ಹಣವನ್ನು ಸಂಪೂರ್ಣವಾಗಿ ತಿರಸ್ಕರಿಸಲಿಲ್ಲ. ಅದನ್ನು ಸಂಸ್ಥೆಯ ನೆಲೆ, ಕಟ್ಟಡ, ತರಬೇತಿಗಳಿಗೆ ಬಳಸಿದರು. ಲಲಿತಪುರದ ಧಾಪಾಖೇಲ್‌ನಲ್ಲಿ ಟೇವಾದ ಕೇಂದ್ರವಿದ್ದು, ಅದರ ಸಭಾಂಗಣ ಮತ್ತು ಕೊಠಡಿಗಳನ್ನು ಬಾಡಿಗೆಗೆ ಕೊಟ್ಟು ಸಂಸ್ಥೆ ತನ್ನ ಖರ್ಚಿಗೆ ಒಂದಿಷ್ಟು ದುಡಿದುಕೊಳ್ಳುತ್ತದೆ.

ಆ ಕಾಲದಲ್ಲಿ ಹಲವರು ಇದನ್ನು ಹುಚ್ಚುತನವೆಂದಿರಬೇಕು. ಡಾಲರುಗಳು ಹೊಳೆಯಾಗಿ ಹರಿಯುತ್ತಿರುವಾಗ ಕಠ್ಮಂಡುವಿನ ಗೃಹಿಣಿಯ ಮುಂದೆ ನಿಂತು ನೂರು ರೂಪಾಯಿ ಕೇಳುವುದೇಕೆ? ಟೇವಾ ಅದಕ್ಕಾಗಿ ಸ್ವಯಂಸೇವಕರಿಗೆ ತರಬೇತಿಯನ್ನೇ ನೀಡಿತು. ದಕ್ಷಿಣ ಏಷ್ಯಾದ ಮಧ್ಯಮವರ್ಗದವರಿಗೆ ಗುಡಿಯ ಹುಂಡಿಗೆ ಹಾಕುವುದು ಗೊತ್ತು, ಬಂಧುವಿನ ಮದುವೆಗೆ ಮುಯ್ಯಿ ಮಾಡುವುದು ಗೊತ್ತು. ಮುಖ ಕಾಣದ ಒಬ್ಬ ಹಳ್ಳಿಯ ಹೆಣ್ಣುಮಗಳಿಗೆ ಕೊಡುವುದನ್ನು ಕಲಿಸಬೇಕಾಗುತ್ತದೆ. ಕೇಳುವುದನ್ನೂ ಕಲಿಯಬೇಕಾಗುತ್ತದೆ. ಹೀಗೆ ಸಾವಿರಾರು ನೇಪಾಳಿಗಳು ದಾನಿಗಳಾದರು, ನೂರಾರು ಮಹಿಳಾ ಗುಂಪುಗಳಿಗೆ ನೆರವು ಸಂದಿತು. 1996ರಿಂದ 2006ರವರೆಗೆ ದೇಶವನ್ನು ಸುಟ್ಟ ಮಾವೋವಾದಿ ಅಂತರ್ಯುದ್ಧದ ವರ್ಷಗಳಲ್ಲಿಯೂ ಕೆಲಸ ನಿಲ್ಲಲಿಲ್ಲ. 2015ರಲ್ಲಿ ಟೇವಾ ಪರಿಹಾರಕ್ಕೆ ಇಳಿದಾಗ ಹಳ್ಳಿಗಳಲ್ಲಿ ಅದಕ್ಕೆ ಗುರುತಿನ ಗುಂಪುಗಳು ಮೊದಲೇ ಇದ್ದವು. ಸಂಸ್ಥಾಪಕಿ ಬಹುಕಾಲ ಪೀಠವನ್ನು ಅಂಟಿಕೊಂಡು ಕೂರಲಿಲ್ಲ; 2001ರಲ್ಲಿ ಶಾಂತಿಗಾಗಿ ದುಡಿಯುವ ‘ನಾಗರಿಕ ಆವಾಜ್’ ಎಂಬ ಬೇರೊಂದು ಸಂಸ್ಥೆಯನ್ನು ಕಟ್ಟಲು ಹೊರಟರು, ಟೇವಾ ಬೇರೆಯವರ ಕೈಯಲ್ಲಿ ಮುನ್ನಡೆಯಿತು. ಪಾಳಿಯ ತತ್ತ್ವ ಇಲ್ಲಿಯೂ ಉಳಿಯಿತೆನ್ನಬಹುದು.

ನೂರು ರೂಪಾಯಿಯ ಮಹತ್ವ ಇರುವುದು ಲೆಕ್ಕದಲ್ಲಿ. ಪರದೇಶದ ಹಣಕ್ಕೆ ಲೆಕ್ಕ ಒಪ್ಪಿಸುವುದು ಇಂಗ್ಲಿಷಿನಲ್ಲಿ, ದೂರದ ಕಚೇರಿಗೆ, ವರ್ಷಕ್ಕೊಮ್ಮೆ. ಊರಿನವಳು ಕೊಟ್ಟ ನೂರು ರೂಪಾಯಿಗೆ ಆಕೆ ಸಂತೆಯಲ್ಲಿ ಸಿಕ್ಕಾಗಲೇ ಲೆಕ್ಕ ಕೇಳುತ್ತಾಳೆ, ಆಕೆಯ ಭಾಷೆಯಲ್ಲಿಯೇ ಉತ್ತರಿಸಬೇಕು. ಅಲ್ಲದೆ, ನೆರವು ಪಡೆದ ಗುಂಪು ಮುಂದೊಂದು ದಿನ ತಾನೂ ಕೈಲಾದಷ್ಟು ಕೊಡಬಹುದು. ಅಂದು ಪಡೆದವಳು ಇಂದು ಕೊಟ್ಟವಳಾಗುತ್ತಾಳೆ. ದಾನದಲ್ಲಿ ಕೊಡುವ ಕೈ ಮೇಲೆ, ಪಡೆಯುವ ಕೈ ಕೆಳಗೆ ಎಂಬ ಭೇದವಿದೆಯೆಂದೇ ಶರಣರು ದಾಸೋಹದ ದಾರಿಯನ್ನು ತೋರಿದರೆಂಬುದನ್ನು ಈ ಪುಟಗಳ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅದನ್ನು ಓದಿರದ ಹಿಮಾಲಯದ ಮಹಿಳೆಯರು ತಮ್ಮ ಅನುಭವದಿಂದಲೇ ಅದರ ಹತ್ತಿರಕ್ಕೆ ಬಂದಿರುವುದು ಗಮನಾರ್ಹ.

ಇದಕ್ಕೆ ಆಕ್ಷೇಪಣೆಗಳಿವೆ. ಚಿಲ್ಲರೆ ಹಣದಿಂದ ಆಸ್ಪತ್ರೆ ಕಟ್ಟಲಾದೀತೇ, ಬಿದ್ದ ಲಕ್ಷಾಂತರ ಮನೆಗಳನ್ನು ಎತ್ತಲಾದೀತೇ ಎಂದು ಕೇಳಿದರೆ, ಆಗದು. ಅದು ಸರಕಾರದ ಹೊಣೆ. ಸಮುದಾಯ ಪ್ರತಿಷ್ಠಾನವನ್ನು ಸರಕಾರದ ಜಾಗದಲ್ಲಿ ನಿಲ್ಲಿಸಬೇಕೆಂದು ಬುದ್ಧಿವಂತರಾರೂ ಹೇಳಲಾರರು. ಆದರೆ ದೊಡ್ಡ ಹಣ ಬಂದಾಗ ‘ಈ ಷರತ್ತು ನಮಗೆ ಬೇಡ’ ಎನ್ನುವ ಧೈರ್ಯ ಸ್ವಂತ ಆದಾಯ ಇದ್ದವರಿಗೆ ಮಾತ್ರ ಬರುತ್ತದೆ. ಭಕ್ತಪುರದ ನಗರಸಭೆ 2018ರಲ್ಲಿ ಜರ್ಮನಿಯಿಂದ ಬರಲಿದ್ದ ದೊಡ್ಡ ನೆರವನ್ನು ಅದರ ಷರತ್ತುಗಳು ಒಪ್ಪಿಗೆಯಾಗದೆ ನಿರಾಕರಿಸಿತು. ಪ್ರವಾಸಿಗರ ಪ್ರವೇಶ ಶುಲ್ಕದ ಆದಾಯ ಕೈಯಲ್ಲಿದ್ದುದರಿಂದ, ಊರಿನವರ ಬಳಕೆದಾರ ಸಮಿತಿಗಳ ಮೂಲಕ, ಊರಿನ ಬಡಗಿ-ಕಲ್ಲುಕುಟಿಗರಿಂದಲೇ ಗುಡಿ, ತಂಗುದಾಣಗಳನ್ನು ಎತ್ತಿ ನಿಲ್ಲಿಸಿತು. ಖಾಲಿ ಕೈಯವರು ಹಾಗೆ ಬೇಡವೆನ್ನಲಾರರು.

ಇನ್ನೊಂದು ಆಕ್ಷೇಪಣೆ ಹೆಚ್ಚು ತೂಕದ್ದು. ‘ಸ್ಥಳೀಯರು’ ಎಂದರೆ ಯಾರು? ಊರಿನ ಗೌಡಿಕೆಯೂ ಸ್ಥಳೀಯವೇ, ಕೇರಿಯೂ ಸ್ಥಳೀಯವೇ. ವಾಷಿಂಗ್ಟನ್ನಿನ ಅಧಿಕಾರಿಯ ಜಾಗದಲ್ಲಿ ಊರಿನ ಜಮೀನ್ದಾರ ಕುಳಿತರೆ ದಲಿತ ಹೆಣ್ಣುಮಗಳಿಗೆ ಏನು ಬದಲಾಯಿತು? ಆತ ಆಕೆಗೆ ಆ ಅಧಿಕಾರಿಗಿಂತಲೂ ಹತ್ತಿರದ ಭಯ. ಹಳೆಯ ಗುಠಿಗಳು ಮುಗ್ಗರಿಸಿದ್ದು ಇಲ್ಲಿಯೇ. ಆದುದರಿಂದ ಯಾವ ಊರಿನಲ್ಲಿಯೇ ಆಗಲಿ ಇಂಥ ಪ್ರತಿಷ್ಠಾನ ಕಟ್ಟುವವರು ಮೊದಲ ಸಭೆಯಲ್ಲಿಯೇ ಯಾರು ಬಂದಿಲ್ಲವೆಂದು ಎಣಿಸಬೇಕು. ಸಾವಿರ ಕೊಟ್ಟವನಿಗೂ ಹತ್ತು ಕೊಟ್ಟವಳಿಗೂ ಒಂದೇ ಮತವಿರಬೇಕು. ಪದಾಧಿಕಾರಕ್ಕೆ ಅವಧಿ ಇರಬೇಕು, ಲೆಕ್ಕದ ಪುಸ್ತಕ ಎಲ್ಲರೂ ಕೇಳುವಂತೆ ಗಟ್ಟಿಯಾಗಿ ಓದಲ್ಪಡಬೇಕು. ಓದು ಬಾರದವರೇ ಹೆಚ್ಚಿರುವ ಕಡೆ ಗೋಡೆಗೆ ಅಂಟಿಸಿದ ಪಟ್ಟಿಯಿಂದ ಪ್ರಯೋಜನವಿಲ್ಲ. ಸರದಿಯ ಹೊಣೆಯನ್ನು ಉಳಿಸಿಕೊಂಡು ಸರದಿಯ ಔತಣವನ್ನು ಕೈಬಿಡಬೇಕು.

ಮೂಲಧನದ ಮಾತು ಇವೆಲ್ಲ ನೆಲೆಗೊಂಡ ಮೇಲೆ ಬರಲಿ. ನೇಪಾಳದಲ್ಲಿ ಅದಕ್ಕೆ ಹಣವಿಲ್ಲವೆಂದಲ್ಲ. ಆ ದೇಶದ ಒಟ್ಟು ಉತ್ಪನ್ನದ ಸುಮಾರು ಕಾಲು ಭಾಗದಷ್ಟು ಹಣ ಹೊರನಾಡುಗಳಲ್ಲಿ ದುಡಿಯುವ ಅದರ ಮಕ್ಕಳಿಂದ ಮನೆಗೆ ಬರುತ್ತದೆ. ಕತಾರಿನ ಬಿಸಿಲಿನಿಂದ, ಮಲೇಷ್ಯಾದ ಕಾರ್ಖಾನೆಯಿಂದ, ನಮ್ಮ ಬೆಂಗಳೂರಿನ ಕಾವಲುಗಾರನ ಸಂಬಳದಿಂದ. ಅದು ಮನೆಯ ಅಕ್ಕಿಗೆ, ಮಕ್ಕಳ ಶಾಲೆಗೆ, ಸಾಲದ ಬಡ್ಡಿಗೆ ಹೋಗುತ್ತದೆ, ಹೋಗಬೇಕಾದುದೂ ಹಾಗೆಯೇ. ಅದರಲ್ಲಿ ನೂರಕ್ಕೆ ಒಂದನ್ನು ಊರಿನ ನಿಧಿಗೆ ಎತ್ತಿಡಬೇಕೆಂದು ಆ ಕಾವಲುಗಾರನನ್ನು ಕೇಳುವ ಹಕ್ಕು ಯಾವ ವಿದೇಶೀ ತಜ್ಞನಿಗೂ ಇಲ್ಲ. ಆತನ ಊರಿನವರು ಕೇಳಬಹುದು, ಮುಂದಿನ ದಸರೆಗೆ ಆತ ಮನೆಗೆ ಹೋದಾಗ ಪುಸ್ತಕ ತೆರೆದು ತೋರಿಸಲು ಅವರು ಸಿದ್ಧರಿದ್ದರೆ.